ಇಂಪ್ಲಿಸಿಟ್ ಪರಿಮಿತ ವ್ಯತ್ಯಾಸ ವಿಧಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಖ ಹರಿಯುವುದನ್ನೋ ಅಂತರ್ಜಲದ ಮಟ್ಟ ಇಳಿಯುವುದನ್ನೋ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕೂತವರು ಒಂದಲ್ಲ ಒಂದು ದಿನ ಇಂಪ್ಲಿಸಿಟ್ ವಿಧಾನದ ಹತ್ತಿರ ಬಂದೇ ಬರುತ್ತಾರೆ. ತರಗತಿಯಲ್ಲಿ, ಪತ್ರಗಳಲ್ಲಿ, ಕಾಫಿ ಹೊತ್ತಿನ ಮಾತಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ.

ಉದಾಹರಣೆಗೆ ಬಹಳ ಕಡೆ ನಮ್ಮ ಮನೆಗಳ ತಾರಸಿಯನ್ನೇ ತೆಗೆದುಕೊಂಡಿದ್ದೇನೆ: 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್, ಮೇಲೆ ಬಿಸಿಲು, ಕೆಳಗೆ ಮಲಗುವ ಕೋಣೆ. ಕಾಂಕ್ರೀಟಿನ ಉಷ್ಣ ವಿಸರಣಾಂಕ, ಅಂದರೆ ಅದರೊಳಗೆ ಬಿಸಿ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ, ಸೆಕೆಂಡಿಗೆ ಸುಮಾರು 0.7 ಚದರ ಮಿಲಿಮೀಟರ್ ಎಂದು ಹಿಡಿದಿದ್ದೇನೆ.

## ಮೊದಲ ಪಾಠ

ಸಮೀಕರಣ ಬಿಡಿಸೋದು ಅಂದ್ರೆ ಫಾರ್ಮುಲಾ ಕಂಡುಹಿಡಿಯೋದು ಅಲ್ವಾ? ಈ ಗ್ರಿಡ್ ಎಲ್ಲಿಂದ ಬಂತು?

ಫಾರ್ಮುಲಾ ಸಿಗುವ ಅದೃಷ್ಟ ಕೆಲವೇ ಸಂದರ್ಭಗಳಲ್ಲಿ. ಫೂರ್ಯೇ 1822ರ ತನ್ನ ಗ್ರಂಥದಲ್ಲಿ ಶಾಖದ ಸಮೀಕರಣವನ್ನು ಸೈನ್ ಅಲೆಗಳ ಮೊತ್ತವಾಗಿ ಬಿಡಿಸಿ ತೋರಿಸಿದ. ಆದರೆ ಅದು ಸಲೀಸಾಗಿ ನಡೆಯಬೇಕಾದರೆ ವಸ್ತು ಒಂದೇ ಬಗೆಯದಿರಬೇಕು, ಆಕಾರ ಸರಳವಿರಬೇಕು, ಅಂಚುಗಳಲ್ಲಿ ನಡೆಯುವುದೂ ಸರಳವಿರಬೇಕು. ನಮ್ಮ ತಾರಸಿಯ ಮೇಲೆ ಮಧ್ಯಾಹ್ನ ಮೋಡ ಬರುತ್ತದೆ, ಸಂಜೆ ಮಳೆ ಬೀಳುತ್ತದೆ, ಯಾರೋ ಒಂದು ಮೂಲೆಗೆ ಬಿಳಿ ಬಣ್ಣ ಬಳಿದಿರುತ್ತಾರೆ.

ಆದ್ದರಿಂದ ಎಲ್ಲ ಕಡೆಯ ತಾಪವನ್ನೂ ಕೇಳುವ ಆಸೆ ಬಿಟ್ಟು, ಸೆಂಟಿಮೀಟರಿಗೊಂದು ಚುಕ್ಕೆ ಇಟ್ಟು, ಆ ಚುಕ್ಕೆಗಳ ತಾಪವನ್ನಷ್ಟೇ ಕೇಳುತ್ತೇವೆ. ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ. ಸಮೀಕರಣದಲ್ಲಿ ಇಳಿಜಾರು ಇದ್ದಲ್ಲಿ ಅಕ್ಕಪಕ್ಕದ ಚುಕ್ಕೆಗಳ ವ್ಯತ್ಯಾಸವನ್ನು ಅಂತರದಿಂದ ಭಾಗಿಸಿ ಹಾಕುತ್ತೇವೆ. ಅಂತರ ಸೊನ್ನೆಗೆ ಇಳಿಯದೆ ಒಂದು ಅಳತೆಗೆ ನಿಲ್ಲುವುದರಿಂದ ಇದು ‘ಪರಿಮಿತ’ ವ್ಯತ್ಯಾಸ.

ಎಕ್ಸ್‌ಪ್ಲಿಸಿಟ್, ಇಂಪ್ಲಿಸಿಟ್ ಇವೆರಡಕ್ಕೂ ಇರೋ ವ್ಯತ್ಯಾಸ ಒಂದೇ ಮಾತಲ್ಲಿ ಹೇಳಿ ಸಾರ್.

ನೆರೆಯ ಚುಕ್ಕೆಗಳ *ಈಗಿನ* ತಾಪ ನೋಡಿ ನನ್ನ ಮುಂದಿನ ತಾಪ ಬರೆದರೆ ಎಕ್ಸ್‌ಪ್ಲಿಸಿಟ್. ನೆರೆಯವರ *ಮುಂದಿನ* ತಾಪವನ್ನೇ ಬಳಸಿ ಬರೆದರೆ ಇಂಪ್ಲಿಸಿಟ್.

ಎರಡನೆಯದು ಕೇಳಲು ವಿಚಿತ್ರ. ನೆರೆಯವರ ಮುಂದಿನ ತಾಪ ನನಗಿನ್ನೂ ಗೊತ್ತಿಲ್ಲ, ಅವರಿಗೂ ನನ್ನದು ಗೊತ್ತಿಲ್ಲ. ಹೀಗಾಗಿ ಯಾರೊಬ್ಬರ ಉತ್ತರವನ್ನೂ ಬಿಡಿಯಾಗಿ ಬರೆಯಲು ಬರುವುದಿಲ್ಲ, ಎಲ್ಲರ ಉತ್ತರವೂ ಒಟ್ಟಿಗೇ ಹೊರಬರಬೇಕು. ಹತ್ತು ಚುಕ್ಕೆಗಳಿದ್ದರೆ ಹತ್ತು ಅಜ್ಞಾತಗಳ ಹತ್ತು ಸಮೀಕರಣಗಳನ್ನು ಪ್ರತಿ ಹೆಜ್ಜೆಯಲ್ಲೂ ಬಿಡಿಸಬೇಕು.

ನನ್ನ ಪ್ರೋಗ್ರಾಂನಲ್ಲಿ ತಾಪಮಾನ ಮೈನಸ್‌ಗೆ ಹೋಯ್ತು, ಆಮೇಲೆ ಕೋಟಿಗಟ್ಟಲೆ ಆಯ್ತು. ಕೋಡ್ ತಪ್ಪಾ, ಗಣಿತ ತಪ್ಪಾ?

ಬಹುಶಃ ಎರಡೂ ಅಲ್ಲ, ಹೆಜ್ಜೆ ದೊಡ್ಡದಾಯಿತು ಅಷ್ಟೆ. ಕಾಗದದ ಮೇಲೆ ಮಾಡಿ ನೋಡಿ. ಒಂದು ಸರಳಿನ ಒಳಗೆ ಮೂರು ಚುಕ್ಕೆಗಳಿವೆ, ಮೂರೂ 100 ಡಿಗ್ರಿ. ಎರಡೂ ತುದಿಗಳನ್ನು ಮಂಜುಗಡ್ಡೆಗೆ ತಾಗಿಸಿ 0 ಡಿಗ್ರಿಯಲ್ಲಿ ಹಿಡಿದಿದ್ದೇವೆ. ಇಲ್ಲಿ ಆಟವಾಡಿಸುವ ಸಂಖ್ಯೆ ಒಂದೇ:

ಆರ್ = ವಿಸರಣಾಂಕ × ಕಾಲದ ಹೆಜ್ಜೆ ÷ (ಚುಕ್ಕೆಗಳ ಅಂತರ)²

ಎಕ್ಸ್‌ಪ್ಲಿಸಿಟ್ ನಿಯಮ ಹೀಗಿದೆ: ಹೊಸ ತಾಪ = ಹಳೆಯ ತಾಪ + ಆರ್ × (ಎಡದವರು − 2 × ನಾನು + ಬಲದವರು). ಆರ್ ಅನ್ನು 1 ಎಂದು ಇಟ್ಟು ನಡೆಯಿರಿ.

ಆರಂಭ: 100, 100, 100
1ನೇ ಹೆಜ್ಜೆ: 0, 100, 0
2ನೇ ಹೆಜ್ಜೆ: 100, −100, 100
3ನೇ ಹೆಜ್ಜೆ: −200, 300, −200

ಮಂಜುಗಡ್ಡೆಗಿಂತ ತಣ್ಣಗಿನದು ಸುತ್ತಮುತ್ತ ಏನೂ ಇಲ್ಲದಿರುವಾಗ ಸರಳು −200ಕ್ಕೆ ಇಳಿಯಿತು, ನಡುವೆ 300ಕ್ಕೆ ಏರಿತು. ಪ್ರತಿ ಚುಕ್ಕೆಯೂ ನೆರೆಯವರ ಹಳೆಯ ಸುದ್ದಿ ನಂಬಿ ಅತಿಯಾಗಿ ತಿದ್ದಿಕೊಳ್ಳುತ್ತದೆ, ಮುಂದಿನ ಹೆಜ್ಜೆಯಲ್ಲಿ ಆ ತಪ್ಪನ್ನು ಇನ್ನೂ ಅತಿಯಾಗಿ ತಿದ್ದುತ್ತದೆ. ಇದೇ ಅಸ್ಥಿರತೆ. ಪ್ಲಸ್ಸು, ಮೈನಸ್ಸು ಒಂದಾದ ಮೇಲೊಂದು ಬರುತ್ತಾ ದೊಡ್ಡದಾಗುತ್ತಿದ್ದರೆ ಕೋಡಿನಲ್ಲಿ ದೋಷ ಹುಡುಕುವ ಮೊದಲು ಆರ್ ಎಷ್ಟಿದೆ ನೋಡಿ. ನಾನು ಇಡೀ ರಾತ್ರಿ ಅರೇ ಇಂಡೆಕ್ಸ್ ಹುಡುಕಿ, ಬೆಳಗಿನ ಜಾವ ಆರ್ 0.52 ಇದ್ದದ್ದು ನೋಡಿದವನು.

ಅದೇ ಲೆಕ್ಕ ಇಂಪ್ಲಿಸಿಟ್‌ನಲ್ಲಿ ಕೈಯಲ್ಲೇ ಮಾಡಿ ತೋರಿಸ್ತೀರಾ?

ಮೂರು ಚುಕ್ಕೆ, ಎಲ್ಲವೂ 100 ಡಿಗ್ರಿ, ತುದಿಗಳು 0, ಆರ್ 1. ಬ್ಯಾಕ್‌ವರ್ಡ್ ಆಯ್ಲರ್ ಎಂದು ಹೆಸರಾದ ಸರಳ ಇಂಪ್ಲಿಸಿಟ್ ವಿಧಾನದಲ್ಲಿ ಹೊಸ ತಾಪಗಳಿಗೆ ಬರುವ ಸಮೀಕರಣಗಳು:

3 × ಎಡ − ನಡು = 100
−ಎಡ + 3 × ನಡು − ಬಲ = 100
−ನಡು + 3 × ಬಲ = 100

ಎಡ, ಬಲ ಒಂದೇ ಎಂದು ನೋಡಿದರೇ ಗೊತ್ತಾಗುತ್ತದೆ. ಬಿಡಿಸಿದರೆ ಎಡ 57.14, ನಡು 71.43, ಬಲ 57.14. ತುದಿಯ ಹತ್ತಿರ ಹೆಚ್ಚು ತಣಿದಿದೆ, ನಡುವೆ ಕಡಿಮೆ, ಯಾವುದೂ 0ಗಿಂತ ಕೆಳಗಿಲ್ಲ, 100ಕ್ಕಿಂತ ಮೇಲಿಲ್ಲ. ಆರ್ ಅನ್ನು 10 ಮಾಡಿ, 1000 ಮಾಡಿ, ಈ ಗುಣ ಕೆಡುವುದಿಲ್ಲ. ಒಮ್ಮೆ ಕೈಯಿಂದ ಮಾಡಿದವರಿಗೆ ಇದು ಮರೆಯುವುದಿಲ್ಲ. ನೇರವಾಗಿ ಲೈಬ್ರರಿ ಕರೆದು ಮುಗಿಸಿದವರು ಮುಂದಿನ ವಾರ ಮತ್ತೆ ಬಂದು ಕೇಳುತ್ತಾರೆ.

ಪ್ರತಿ ಹೆಜ್ಜೆಗೂ ಮ್ಯಾಟ್ರಿಕ್ಸ್ ಇನ್ವರ್ಸ್ ತೆಗೀಬೇಕಾ? ಅದು ತುಂಬಾ ನಿಧಾನ ಅಲ್ವಾ?

ಇನ್ವರ್ಸ್ ತೆಗೆಯಲೇಬೇಡಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಗುತ್ತದೆ. ಒಂದೇ ಆಯಾಮದ ಲೆಕ್ಕದಲ್ಲಿ ಪ್ರತಿ ಚುಕ್ಕೆಗೂ ಸಂಬಂಧ ಇರುವುದು ಎಡದ ಒಂದು, ಬಲದ ಒಂದು ಚುಕ್ಕೆಯ ಜೊತೆ ಮಾತ್ರ. ಆದ್ದರಿಂದ ಮ್ಯಾಟ್ರಿಕ್ಸಿನಲ್ಲಿ ಮೂರೇ ಓರೆಸಾಲುಗಳಲ್ಲಿ ಅಂಕಿಗಳಿರುತ್ತವೆ, ಉಳಿದದ್ದೆಲ್ಲ ಸೊನ್ನೆ. ಇಂಥದ್ದಕ್ಕೆ ಥಾಮಸ್ ವಿಧಾನವಿದೆ. ಲ್ಯುವೆಲಿನ್ ಥಾಮಸ್ ಎಂಬ ಭೌತವಿಜ್ಞಾನಿಯ ಹೆಸರು. ಶಾಲೆಯಲ್ಲಿ ಕಲಿತ ವರ್ಜನ ಕ್ರಮವನ್ನೇ ಸೊನ್ನೆಗಳನ್ನು ಮುಟ್ಟದೆ ಮಾಡುವುದು ಅಷ್ಟೆ.

ಮೂರು ಚುಕ್ಕೆಗಳ ಮೇಲಿನ ಸಮೀಕರಣಗಳಲ್ಲೇ ನೋಡಿ. ಮೇಲಿನಿಂದ ಕೆಳಗೆ ಇಳಿಯುತ್ತಾ: ಮೊದಲ ಸಾಲನ್ನು 3ರಿಂದ ಭಾಗಿಸಿದರೆ ಎಡ = 33.33 + 0.333 × ನಡು. ಅದನ್ನು ಎರಡನೆಯ ಸಾಲಿಗೆ ಹಾಕಿದರೆ ನಡು = 50 + 0.375 × ಬಲ. ಮೂರನೆಯದಕ್ಕೆ ಹಾಕಿದರೆ ಬಲ = 150 ÷ 2.625 = 57.14. ಈಗ ಕೆಳಗಿನಿಂದ ಮೇಲೆ ಹತ್ತುತ್ತಾ: ನಡು 71.43, ಎಡ 57.14. ಒಮ್ಮೆ ಇಳಿದು ಒಮ್ಮೆ ಹತ್ತಿದರೆ ಮುಗಿಯಿತು.

1000 ಚುಕ್ಕೆಗಳಿದ್ದರೆ ಪೂರ್ತಿ ಮ್ಯಾಟ್ರಿಕ್ಸಿನ ವರ್ಜನಕ್ಕೆ ಸುಮಾರು 33 ಕೋಟಿ ಗುಣಾಕಾರಗಳು ಬೇಕು. ಥಾಮಸ್ ವಿಧಾನಕ್ಕೆ ಎಲ್ಲ ಸೇರಿ ಸುಮಾರು 8 ಸಾವಿರ ಗಣಿತಕ್ರಿಯೆ ಸಾಕು. ಪೈಥಾನಿನ ಸೈಪೈ ಲೈಬ್ರರಿಯಲ್ಲಿ ಓರೆಸಾಲುಗಳನ್ನಷ್ಟೇ ಕೊಟ್ಟು ಬಿಡಿಸಿಕೊಳ್ಳುವ ‘ಸಾಲ್ವ್ ಬ್ಯಾಂಡೆಡ್’ ಇದೆ, ಅದನ್ನು ಬಳಸಿ.

## ಸ್ಥಿರತೆ ಬೇರೆ, ನಿಖರತೆ ಬೇರೆ

ಆರ್ ಅರ್ಧಕ್ಕಿಂತ ಹೆಚ್ಚಾಗಬಾರದು ಅಂತ ಪುಸ್ತಕದಲ್ಲಿದೆ. ಈ ಅರ್ಧ ಎಲ್ಲಿಂದ ಬಂತು?

ಎಕ್ಸ್‌ಪ್ಲಿಸಿಟ್ ನಿಯಮವನ್ನು ಸ್ವಲ್ಪ ತಿರುಗಿಸಿ ಬರೆದರೆ ಹೊಸ ತಾಪ = ಆರ್ × ಎಡ + (1 − 2 ಆರ್) × ನಾನು + ಆರ್ × ಬಲ. ಆರ್ ಅರ್ಧದೊಳಗಿದ್ದರೆ ಇದು ಮೂವರ ಸರಾಸರಿ. ಸರಾಸರಿ ಎಂದೂ ಮೂವರ ಹೊರಗೆ ಹೋಗುವುದಿಲ್ಲ. ಆರ್ ಅರ್ಧ ದಾಟಿತೋ, ನನ್ನ ಪಾಲು ಮೈನಸ್ ಆಯಿತು. ನಾನು ಬಿಸಿಯಿದ್ದಷ್ಟೂ ಮುಂದಿನ ಹೆಜ್ಜೆಯಲ್ಲಿ ತಣ್ಣಗಾಗುತ್ತೇನೆ ಎಂಬ ಅಸಂಬದ್ಧ ಶುರುವಾಯಿತು. ನಮ್ಮ ಇಂಜಿನಿಯರಿಂಗ್ ಪಠ್ಯಗಳಲ್ಲಿ ಬೆಂಡರ್-ಷ್ಮಿಟ್ ಎಂದು ಬರುವುದು ಆರ್ ಸರಿಯಾಗಿ ಅರ್ಧ ಇರುವಾಗಿನ ಲೆಕ್ಕ: ನನ್ನ ಪಾಲು ಸೊನ್ನೆ, ಹೊಸ ತಾಪ ಎಡ-ಬಲಗಳ ಸರಾಸರಿ.

ವ್ಯವಸ್ಥಿತ ಪುರಾವೆಗೆ ಫಾನ್ ನಾಯ್ಮನ್ ವಿಶ್ಲೇಷಣೆ ಬೇಕು. ದೋಷವನ್ನು ಅಲೆಗಳಾಗಿ ಒಡೆದು, ಪ್ರತಿ ಅಲೆ ಒಂದು ಹೆಜ್ಜೆಗೆ ಎಷ್ಟು ಪಟ್ಟು ಹಿಗ್ಗುತ್ತದೆ ಎಂದು ನೋಡುವುದು. ಅದನ್ನು ವಿವರವಾಗಿ ಅಚ್ಚಿಗೆ ತಂದವರು ಓಬ್ರಿಯನ್, ಹೈಮನ್, ಕಪ್ಲಾನ್, 1950ರಲ್ಲಿ. ಅದಕ್ಕೂ ಮೊದಲು, ಎಲೆಕ್ಟ್ರಾನಿಕ್ ಕಂಪ್ಯೂಟರ್ ಹುಟ್ಟುವ ಮುನ್ನವೇ, 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಅಲೆಗಳ ಸಮೀಕರಣಕ್ಕೆ ಇಂಥದ್ದೇ ಮಿತಿ ಕಂಡುಕೊಂಡಿದ್ದರು.

ಚುಕ್ಕೆಗಳ ಅಂತರ ಇಲ್ಲಿ ವರ್ಗವಾಗಿ ಬರುತ್ತದೆ ಎಂಬುದು ನಿಜವಾದ ತಲೆನೋವು. ತಾರಸಿಯಲ್ಲಿ ಸೆಂಟಿಮೀಟರಿಗೊಂದು ಚುಕ್ಕೆ ಇಟ್ಟರೆ ಹೆಜ್ಜೆ 71 ಸೆಕೆಂಡ್ ದಾಟಬಾರದು. ಮಿಲಿಮೀಟರಿಗೊಂದು ಇಟ್ಟರೆ 0.71 ಸೆಕೆಂಡ್. ಚುಕ್ಕೆ ಹತ್ತು ಪಟ್ಟು, ಹೆಜ್ಜೆ ನೂರು ಪಟ್ಟು, ಕೆಲಸ ಸಾವಿರ ಪಟ್ಟು.

ಇಂಪ್ಲಿಸಿಟ್ ಯಾವಾಗಲೂ ಸ್ಥಿರ ಅಂತೀರಿ. ಹಾಗಾದ್ರೆ ಇಡೀ ದಿನಕ್ಕೆ ಒಂದೇ ಹೆಜ್ಜೆ ಇಟ್ಟರೆ ಆಯ್ತಲ್ಲ?

ಈ ಪುಟ ಬರೆಯಲು ಕಾರಣವಾದ ಪ್ರಶ್ನೆ ಇದೇ. ಇಟ್ಟು ನೋಡಿ. ಮಧ್ಯಾಹ್ನ 2ರಿಂದ ಮರುದಿನ ಮಧ್ಯಾಹ್ನ 2ಕ್ಕೆ ಬ್ಯಾಕ್‌ವರ್ಡ್ ಆಯ್ಲರ್‌ನಲ್ಲಿ ಒಂದೇ ಹೆಜ್ಜೆ. ಉತ್ತರ ಸಿಡಿಯುವುದಿಲ್ಲ, ನೋಡಲು ಬಹಳ ಸಭ್ಯವಾಗಿರುತ್ತದೆ: ಮೇಲಿನಿಂದ ಕೆಳಗೆ ನೇರ ಗೆರೆ. ಅದು ಮಧ್ಯಾಹ್ನ 2ರ ಬಿಸಿಲು ಶಾಶ್ವತವಾಗಿ ನಿಂತುಬಿಟ್ಟಿದ್ದರೆ ಬರುವ ತಾಪ. ರಾತ್ರಿ ಎಂಬುದು ಆಗಲೇ ಇಲ್ಲ.

ತಾರಸಿಯ ಕಥೆಯೆಲ್ಲ ಇರುವುದೇ ತಡವಾಗುವುದರಲ್ಲಿ. 24 ಗಂಟೆಯ ಚಕ್ರದ ಬಿಸಿ ಆಳಕ್ಕೆ ಇಳಿಯಬಲ್ಲ ದಪ್ಪನೆಯ ಕಾಂಕ್ರೀಟಿನಲ್ಲಿ 12 ಸೆಂಟಿಮೀಟರ್ ಇಳಿಯಲು ಸುಮಾರು 3 ಗಂಟೆ ಹಿಡಿಯುತ್ತದೆ ಎಂದು ಮೇಲಿನ ವಿಸರಣಾಂಕದಿಂದ ಲೆಕ್ಕ ಹಾಕಬಹುದು. ಹೊರಗೆ ಬಿಸಿಲು ಇಳಿದ ಮೇಲೆ ಒಳಗಿನ ಸೂರು ಕಾಯುವುದು ಇದಕ್ಕೇ, ಸಂಜೆ ಫ್ಯಾನು ಹಾಕಿದರೆ ಬಿಸಿಗಾಳಿ ಬರುವುದೂ ಇದಕ್ಕೇ. ಮೂರು ಗಂಟೆಯ ತಡವನ್ನು ಹಿಡಿಯಲು ಹೊರಟವರು 24 ಗಂಟೆಯ ಹೆಜ್ಜೆ ಇಟ್ಟರೆ ಏನು ಸಿಕ್ಕೀತು? ನಾನಾದರೆ 5ರಿಂದ 10 ನಿಮಿಷದ ಹೆಜ್ಜೆ ಇಡುತ್ತೇನೆ.

ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ ತಪ್ಪು ಮಾಡಿದರೆ ಅದು ಕೂಗಿ ಹೇಳುತ್ತದೆ. ಇಂಪ್ಲಿಸಿಟ್ ತಪ್ಪು ಉತ್ತರವನ್ನೂ ಇಸ್ತ್ರಿ ಹಾಕಿ ಕೊಡುತ್ತದೆ, ಅದೇ ಅಪಾಯ. ಅಂಥ ಉತ್ತರವೇ ಸಾಕಾಗುವ ಜಾಗಗಳೂ ಇವೆ: ಜೋಸ್ ಸ್ಟಾಮ್ 1999ರಲ್ಲಿ ತೋರಿಸಿದ ಹೊಗೆ-ನೀರಿನ ಗ್ರಾಫಿಕ್ಸ್ ವಿಧಾನದಲ್ಲಿ ಜಿಗುಟುತನವನ್ನು ಇಂಪ್ಲಿಸಿಟ್ ಆಗಿ ಬಿಡಿಸುತ್ತಾರೆ. ಪರದೆಯ ಮೇಲಿನ ಹೊಗೆ ಸಿಡಿಯದಿದ್ದರೆ ಸಾಕು, ಅದು ಎರಡು ಡಿಗ್ರಿ ತಪ್ಪಿದೆಯೆಂದು ಯಾರೂ ದೂರು ಕೊಡುವುದಿಲ್ಲ.

ಕ್ರ್ಯಾಂಕ್-ನಿಕೋಲ್ಸನ್ ಅಂದ್ರೆ ಒಬ್ಬರಾ ಇಬ್ಬರಾ? ಎಲ್ಲರೂ ಅದನ್ನೇ ಬೆಸ್ಟ್ ಅಂತಾರಲ್ಲ?

ಇಬ್ಬರು. ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕೋಲ್ಸನ್. ಇಬ್ಬರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನಲ್ಲಿ ಗಣಿತಜ್ಞ ಡಗ್ಲಸ್ ಹಾರ್ಟ್ರಿಯ ಬಳಿ ಕೆಲಸ ಮಾಡಿದವರು. 1947ರ ಅವರ ಪ್ರಬಂಧದಲ್ಲಿದ್ದ ಸಮಸ್ಯೆ ಸರಳ ಸರಳಿನದಲ್ಲ. ವಸ್ತುವಿನ ಒಳಗೇ ರಾಸಾಯನಿಕ ಕ್ರಿಯೆ ನಡೆದು ಬಿಸಿ ಹುಟ್ಟುತ್ತಿರುವ, ಆ ಕ್ರಿಯೆಯ ವೇಗ ಮತ್ತೆ ತಾಪವನ್ನೇ ಅವಲಂಬಿಸಿರುವ ಸಮಸ್ಯೆ. ನಿಕೋಲ್ಸನ್ ಹೆಂಗಸು ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ.

ಅವರ ಉಪಾಯ ಹೀಗೆ: ನೆರೆಯವರ ಹಳೆಯ ತಾಪಕ್ಕೆ ಅರ್ಧ ಮಹತ್ವ, ಹೊಸ ತಾಪಕ್ಕೆ ಅರ್ಧ. ಹೆಜ್ಜೆಯ ನಟ್ಟನಡುವೆ ನಿಂತು ನೋಡಿದ ಹಾಗಾಗುವುದರಿಂದ ಎರಡು ಬದಿಯ ದೋಷಗಳು ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ. ಹೆಜ್ಜೆ ಅರ್ಧ ಮಾಡಿದರೆ ದೋಷ ಕಾಲು ಭಾಗಕ್ಕೆ ಇಳಿಯುತ್ತದೆ. ಬ್ಯಾಕ್‌ವರ್ಡ್ ಆಯ್ಲರ್‌ನಲ್ಲಿ ಅರ್ಧಕ್ಕಷ್ಟೇ ಇಳಿಯುತ್ತದೆ. ಕೆಲಸವೋ, ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಯವಾದ ಆರಂಭ, ನಯವಾದ ಅಂಚು ಇರುವಲ್ಲಿ ಅದೇ ಬೆಸ್ಟ್ ಎನ್ನುವವರ ಜೊತೆ ನನಗೆ ಜಗಳವಿಲ್ಲ.

ಕ್ರ್ಯಾಂಕ್-ನಿಕೋಲ್ಸನ್ ಹಾಕಿದ ಮೇಲೆ ಗ್ರಾಫ್ ಗರಗಸದ ಹಲ್ಲಿನ ಥರ ಬರ್ತಿದೆ. ಸ್ಥಿರ ಅಂದ್ರಲ್ಲ?

ಸ್ಥಿರವೇ. ಹಲ್ಲುಗಳು ಬೆಳೆಯುತ್ತಿಲ್ಲ, ಆದರೆ ಸಾಯುತ್ತಲೂ ಇಲ್ಲ. ತಾರಸಿಯಲ್ಲಿ ಮಿಲಿಮೀಟರ್ ಅಂತರ, 10 ನಿಮಿಷದ ಹೆಜ್ಜೆ ಎಂದರೆ ಆರ್ 420. ಚುಕ್ಕೆಯಿಂದ ಚುಕ್ಕೆಗೆ ಮೇಲೆ-ಕೆಳಗೆ ಹಾರುವ ಅಲೆಯನ್ನು ಕ್ರ್ಯಾಂಕ್-ನಿಕೋಲ್ಸನ್ ಪ್ರತಿ ಹೆಜ್ಜೆಯಲ್ಲಿ −839/841 ಪಟ್ಟು ಮಾಡುತ್ತದೆ. ಅಂದರೆ ಚಿಹ್ನೆ ಬದಲಾಗುತ್ತದೆ, ಗಾತ್ರ ಹಾಗೇ ಉಳಿಯುತ್ತದೆ; 100 ಹೆಜ್ಜೆ ಕಳೆದರೂ 79 ಶೇಕಡಾ ಬದುಕಿರುತ್ತದೆ. ಅದೇ ಅಲೆಯನ್ನು ಬ್ಯಾಕ್‌ವರ್ಡ್ ಆಯ್ಲರ್ ಒಂದೇ ಹೆಜ್ಜೆಯಲ್ಲಿ 1681ನೇ ಒಂದು ಭಾಗಕ್ಕೆ ಇಳಿಸುತ್ತದೆ.

ಇಂಥ ಅಲೆ ಹುಟ್ಟುವುದು ಥಟ್ಟನೆ ಬದಲಾಗುವ ಜಾಗದಲ್ಲಿ: ಬಿಸಿ ತಾರಸಿಯ ಮೇಲೆ ಮಳೆ ಸುರಿದ ಕ್ಷಣ, ಅಥವಾ ಆರಂಭದಲ್ಲೇ 100ರ ಪಕ್ಕ 0 ಇಟ್ಟಾಗ. ಮದ್ದು ಸುಲಭ. ಜಿಗಿತ ಬಂದ ತಕ್ಷಣ ನಾಲ್ಕು ಅರ್ಧ ಹೆಜ್ಜೆಗಳನ್ನು ಬ್ಯಾಕ್‌ವರ್ಡ್ ಆಯ್ಲರ್‌ನಲ್ಲಿ ಇಡಿ, ಆಮೇಲೆ ಕ್ರ್ಯಾಂಕ್-ನಿಕೋಲ್ಸನ್‌ಗೆ ಮರಳಿ. ರೋಲ್ಫ್ ರನ್ನಾಖರ್ 1984ರಲ್ಲಿ ಇದನ್ನು ವಿಶ್ಲೇಷಿಸಿ ತೋರಿಸಿದ. ಒಟ್ಟಾರೆ ನಿಖರತೆ ಕೆಡುವುದಿಲ್ಲ. ಮಳೆ ಮತ್ತೆ ಮತ್ತೆ ಬರುವುದಾದರೆ ಹಿಂದಿನ ಎರಡು ಹೆಜ್ಜೆಗಳನ್ನು ಬಳಸುವ ಬಿಡಿಎಫ್-2 ಹಿಡಿಯುವುದು ಒಳ್ಳೆಯದು, ಅದು ಇಂಥ ಹಲ್ಲುಗಳನ್ನು ತಾನೇ ಅದುಮುತ್ತದೆ.

ಎಕ್ಸ್‌ಪ್ಲಿಸಿಟ್ ಆಗಿಯೂ ಇರಬೇಕು, ಮಿತಿಯೂ ಇರಬಾರದು. ಅಂಥದ್ದು ಇಲ್ವಾ?

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತೀರಿ. ದೂಫೋರ್ಟ್ ಮತ್ತು ಫ್ರಾಂಕೆಲ್ 1953ರಲ್ಲಿ ಅಂಥದ್ದೊಂದನ್ನು ಕೊಟ್ಟರು. ರಿಚರ್ಡ್‌ಸನ್ 1910ರಲ್ಲಿ ಬಳಸಿದ, ಯಾವ ಹೆಜ್ಜೆ ಇಟ್ಟರೂ ಕೊನೆಗೆ ಸಿಡಿಯುವ ವಿಧಾನದಲ್ಲಿ ಒಂದೇ ಪದ ಬದಲಿಸಿ ಅದನ್ನು ಸ್ಥಿರ ಮಾಡಿದರು. ಆದರೆ ಕಾಲದ ಹೆಜ್ಜೆಯನ್ನು ಚುಕ್ಕೆಗಳ ಅಂತರಕ್ಕಿಂತ ಬೇಗ ಕಿರಿದಾಗಿಸದಿದ್ದರೆ ಅದು ಬಿಡಿಸುವುದು ಶಾಖದ ಸಮೀಕರಣವನ್ನಲ್ಲ, ಅಲೆಯಂತೆ ನಡೆಯುವ ಬೇರೊಂದನ್ನು. ಬೆಲೆ ತೆರುವ ಜಾಗ ಬದಲಾಯಿತು ಅಷ್ಟೆ.

## ಕೋಡ್ ಬರೆಯುವಾಗ

ನನ್ನ ಅಂಚಿನಲ್ಲಿ ತಾಪ ಗೊತ್ತಿಲ್ಲ. ಬಿಸಿಲು, ಗಾಳಿ ಎರಡೂ ಇವೆ. ಏನು ಬರೀಲಿ?

ತಾಪ ಗೊತ್ತಿಲ್ಲದಿದ್ದರೆ ಶಾಖದ ಜಮಾಖರ್ಚು ಬರೆಯಿರಿ. ಮೇಲ್ಮೈ ಚುಕ್ಕೆಗೆ ಅರ್ಧ ಕೋಶದಷ್ಟು ಕಾಂಕ್ರೀಟ್ ಸೇರಿದೆ ಎಂದುಕೊಳ್ಳಿ. ಬಿಸಿಲಿನಿಂದ ಬಂದದ್ದು ಜಮಾ. ಗಾಳಿಗೆ ಹೋದದ್ದು, ಆಕಾಶಕ್ಕೆ ವಿಕಿರಣವಾಗಿ ಹೋದದ್ದು, ಕೆಳಗಿನ ಚುಕ್ಕೆಗೆ ಇಳಿದದ್ದು ಖರ್ಚು. ಉಳಿದದ್ದು ಆ ಅರ್ಧ ಕೋಶವನ್ನು ಬಿಸಿ ಮಾಡುತ್ತದೆ. ಈ ಸಾಲನ್ನು ಮ್ಯಾಟ್ರಿಕ್ಸಿನ ಮೊದಲ ಸಾಲಾಗಿ ಇಟ್ಟರೆ ಮೂರು ಓರೆಸಾಲುಗಳ ರೂಪ ಕೆಡುವುದಿಲ್ಲ.

ನಾನು ಹೆಚ್ಚು ಕಂಡ ತಪ್ಪು ಎರಡು. ಒಳಗೆಲ್ಲ ಇಂಪ್ಲಿಸಿಟ್ ಬರೆದು ಅಂಚಿನಲ್ಲಿ ಮಾತ್ರ ಹಳೆಯ ತಾಪ ಬಳಸುವುದು ಮೊದಲನೆಯದು. ಹೊರಗಟ್ಟಿದ್ದ ಹೆಜ್ಜೆಯ ಮಿತಿ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ಅಂಚಿನ ಇಳಿಜಾರನ್ನು ಒಂದೇ ಬದಿಯ ಎರಡು ಚುಕ್ಕೆಗಳಿಂದ ತೆಗೆಯುವುದು ಎರಡನೆಯದು; ಒಳಗಿನ ಉತ್ತಮ ನಿಖರತೆಯನ್ನು ಒಂದೇ ಸಾಲು ಹಾಳು ಮಾಡುತ್ತದೆ.

ತಾರಸಿ ಮೇಲೆ ಥರ್ಮೋಕೋಲ್ ಪದರ ಇದೆ. ಎರಡು ವಸ್ತು ಸೇರೋ ಕಡೆ ಸರಾಸರಿ ತಗೊಂಡೆ, ಉತ್ತರ ನಂಬೋ ಹಾಗಿಲ್ಲ.

ಯಾವ ಸರಾಸರಿ ತೆಗೆದುಕೊಂಡಿರಿ ಎಂಬುದೇ ವಿಷಯ. ಕಾಂಕ್ರೀಟಿನ ಉಷ್ಣ ವಾಹಕತೆ 1.5, ಥರ್ಮೋಕೋಲಿನದು 0.035 ಎಂದು ಹಿಡಿದರೆ ಸಾದಾ ಸರಾಸರಿ 0.77. ಶಾಖಕ್ಕೆ ಇವೆರಡೂ ಒಂದರ ಹಿಂದೆ ಒಂದು ನಿಂತ ತಡೆಗಳು, ಹಾಗಾಗಿ ಕೂಡಬೇಕಾದ್ದು ತಡೆಗಳನ್ನು. ಹಾಗೆ ಕೂಡಿದರೆ ಬರುವುದು ಹಾರ್ಮೋನಿಕ್ ಸರಾಸರಿ, 0.068. ಹನ್ನೊಂದು ಪಟ್ಟು ವ್ಯತ್ಯಾಸ! ಸಾದಾ ಸರಾಸರಿ ಹಾಕಿದವರ ಮನೆಯಲ್ಲಿ ಪದರದ ಒಂದು ಭಾಗ ಇದ್ದೂ ಇಲ್ಲದ ಹಾಗೆ.

ನನ್ನ ಉತ್ತರ ಸರಿ ಅಂತ ಹೇಗೆ ಗೊತ್ತಾಗತ್ತೆ? ಗ್ರಾಫ್ ಅಂತೂ ಚೆನ್ನಾಗಿದೆ.

ಗ್ರಾಫ್ ಚೆನ್ನಾಗಿರುವುದು ಸಾಕ್ಷಿಯಲ್ಲ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು ನೋಡಿ. ತಾರಸಿಯ ಎರಡೂ ಮುಖ 0 ಡಿಗ್ರಿ, ಆರಂಭದ ತಾಪ ಅರ್ಧ ಸೈನ್ ಅಲೆ, ನಡುವೆ 100 ಡಿಗ್ರಿ. ಇದಕ್ಕೆ ಫೂರ್ಯೇಯ ಫಾರ್ಮುಲಾ ಇದೆ: ಒಂದು ಗಂಟೆಯ ಮೇಲೆ ನಡುವಿನ ತಾಪ 17.78.

ಚುಕ್ಕೆಗಳನ್ನು ಸಾಕಷ್ಟು ಒತ್ತಾಗಿಟ್ಟು 10 ನಿಮಿಷದ ಹೆಜ್ಜೆಯಲ್ಲಿ ನಡೆದರೆ ಬ್ಯಾಕ್‌ವರ್ಡ್ ಆಯ್ಲರ್ 21.92 ಕೊಡುತ್ತದೆ, ಕ್ರ್ಯಾಂಕ್-ನಿಕೋಲ್ಸನ್ 17.57. ಹೆಜ್ಜೆಯನ್ನು 5 ನಿಮಿಷ ಮಾಡಿದರೆ 19.92 ಮತ್ತು 17.73. ಮೊದಲನೆಯದರ ದೋಷ 4.1ರಿಂದ 2.1ಕ್ಕೆ, ಎರಡನೆಯದರದು 0.21ರಿಂದ 0.05ಕ್ಕೆ. ನಿಮ್ಮ ಕ್ರ್ಯಾಂಕ್-ನಿಕೋಲ್ಸನ್ ಕೋಡಿನಲ್ಲಿ ದೋಷ ಕಾಲಾಗದೆ ಅರ್ಧವಷ್ಟೇ ಆಗುತ್ತಿದ್ದರೆ ಎಲ್ಲೋ ಒಂದು ಸಾಲು ತಪ್ಪಿದೆ. ಹತ್ತರಲ್ಲಿ ಒಂಬತ್ತು ಸಲ ಅದು ಅಂಚಿನ ಸಾಲು.

ಎರಡೂ ತುದಿಯನ್ನು ಶಾಖ ದಾಟದ ಹಾಗೆ ಮುಚ್ಚಿ ಒಟ್ಟು ಶಾಖವನ್ನು ಕೂಡುವುದು ಇನ್ನೊಂದು ಪರೀಕ್ಷೆ. ಅದು ಸಾವಿರ ಹೆಜ್ಜೆ ಕಳೆದರೂ ಕದಲಬಾರದು.

ಈಗಿನ ಲ್ಯಾಪ್‌ಟಾಪ್ ಇಷ್ಟು ವೇಗ ಇರುವಾಗ ಸುಮ್ನೆ ಎಕ್ಸ್‌ಪ್ಲಿಸಿಟ್ ಓಡಿಸಿದ್ರೆ ಆಗಲ್ವಾ?

ಎಷ್ಟೋ ಸಲ ಆಗುತ್ತದೆ, ಇದನ್ನು ಒಪ್ಪಿಕೊಳ್ಳಲು ನಮ್ಮಂಥವರಿಗೆ ಸಂಕೋಚ. ಬರೀ ಕಾಂಕ್ರೀಟಿಗೆ ಮಿಲಿಮೀಟರಿಗೊಂದು ಚುಕ್ಕೆ ಇಟ್ಟು ಒಂದು ದಿನ ಓಡಿಸಿದರೆ 1.2 ಲಕ್ಷ ಹೆಜ್ಜೆ, 120 ಚುಕ್ಕೆ. ಈಗಿನ ಯಂತ್ರಕ್ಕೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಈಗ ಅದರ ಮೇಲೆ ಅರ್ಧ ಮಿಲಿಮೀಟರ್ ಅಲ್ಯೂಮಿನಿಯಂ ಶೀಟು ಹೊದಿಸಿ. ಅಲ್ಯೂಮಿನಿಯಮ್ಮಿನ ವಿಸರಣಾಂಕ ಸೆಕೆಂಡಿಗೆ ಸುಮಾರು 97 ಚದರ ಮಿಲಿಮೀಟರ್. ಶೀಟಿನೊಳಗೆ 0.1 ಮಿಲಿಮೀಟರಿಗೊಂದು ಚುಕ್ಕೆ ಬೇಕೆಂದರೆ ಹೆಜ್ಜೆ 0.00005 ಸೆಕೆಂಡಿಗೆ ಇಳಿಯಿತು. ದಿನಕ್ಕೆ ಸುಮಾರು 168 ಕೋಟಿ ಹೆಜ್ಜೆ. ಐದಾರು ಚುಕ್ಕೆಗಳ ಶೀಟು ಇಡೀ ತಾರಸಿಯನ್ನು ಕಟ್ಟಿಹಾಕಿತು. ಶೀಟಿನೊಳಗೆ ನಡೆಯುವ ಕ್ಷಣಾರ್ಧದ ಆಟದಲ್ಲಿ ನಮಗೆ ಆಸಕ್ತಿಯೂ ಇಲ್ಲ. ಬೇಗದ್ದು, ನಿಧಾನದ್ದು ಒಂದೇ ಲೆಕ್ಕದಲ್ಲಿ ಬೆರೆತು, ಬೇಗದ್ದು ನಮಗೆ ಬೇಡವಾಗಿದ್ದಾಗ, ಗಣಿತಜ್ಞರು ಅದನ್ನು ‘ಸ್ಟಿಫ್’ ಎನ್ನುತ್ತಾರೆ. ಇಂಪ್ಲಿಸಿಟ್ ವಿಧಾನದ ನಿಜವಾದ ಕೆಲಸ ಇಲ್ಲಿದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಅಂತರ್ಜಲ ತಂತ್ರಾಂಶ ಮಾಡ್‌ಫ್ಲೋ 1980ರ ದಶಕದಿಂದಲೂ ಕಾಲದಲ್ಲಿ ಬ್ಯಾಕ್‌ವರ್ಡ್ ವ್ಯತ್ಯಾಸವನ್ನೇ ಹಿಡಿದಿರುವುದು ಸುಮ್ಮನೆ ಅಲ್ಲ: ಅಲ್ಲಿ ತಿಂಗಳುಗಟ್ಟಲೆಯ ಹೆಜ್ಜೆ ಬೇಕು, ಪಂಪಿನ ಪಕ್ಕ ಮೀಟರುಗಟ್ಟಲೆಯ ಸಣ್ಣ ಕೋಶವೂ ಬೇಕು.

## ಮುಂದುವರಿದವರಿಗೆ

ಎರಡು ಆಯಾಮಕ್ಕೆ ಹೋದ ತಕ್ಷಣ ಥಾಮಸ್ ಕೆಲಸ ಮಾಡಲ್ಲ. ಈಗೇನು ಮಾಡೋದು?

100 × 100 ಚುಕ್ಕೆಗಳ ಹಾಳೆಯಲ್ಲಿ 10,000 ಅಜ್ಞಾತಗಳು. ಎಡ-ಬಲದ ನೆರೆಯವರು ಮ್ಯಾಟ್ರಿಕ್ಸಿನಲ್ಲೂ ಪಕ್ಕದಲ್ಲೇ ಇರುತ್ತಾರೆ, ಮೇಲೆ-ಕೆಳಗಿನವರು ನೂರು ಮನೆ ಆಚೆ ಹೋಗುತ್ತಾರೆ. ನೇರವಾಗಿ ವರ್ಜಿಸಲು ಸುಮಾರು 10 ಕೋಟಿ ಕ್ರಿಯೆಗಳು.

ಪೀಸ್‌ಮನ್ ಮತ್ತು ರ್‍ಯಾಕ್‌ಫರ್ಡ್ 1955ರಲ್ಲಿ ಕೊಟ್ಟ ಉಪಾಯ ನನಗೆ ಇವತ್ತಿಗೂ ಮೆಚ್ಚು. ಅವರು ಹೂಸ್ಟನ್ನಿನ ಹಂಬಲ್ ತೈಲ ಕಂಪನಿಯಲ್ಲಿದ್ದವರು, ನೆಲದಡಿಯ ತೈಲದ ಹರಿವು ಅವರ ಚಿಂತೆ. ಹೆಜ್ಜೆಯನ್ನು ಎರಡು ಮಾಡಿದರು: ಮೊದಲರ್ಧದಲ್ಲಿ ಅಡ್ಡಡ್ಡಲಾಗಿ ಇಂಪ್ಲಿಸಿಟ್, ಲಂಬದಲ್ಲಿ ಎಕ್ಸ್‌ಪ್ಲಿಸಿಟ್, ಉಳಿದರ್ಧದಲ್ಲಿ ಅದಲುಬದಲು. ಹೊಲವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಉತ್ತ ಹಾಗೆ. ಪ್ರತಿ ಸಾಲೂ ಥಾಮಸ್‌ಗೆ ಸಿಗುತ್ತದೆ, ಇಡೀ ಹೆಜ್ಜೆ ಒಂದೂವರೆ ಎರಡು ಲಕ್ಷ ಕ್ರಿಯೆಗಳಲ್ಲಿ ಮುಗಿಯುತ್ತದೆ. ಒಂದೊಂದು ಅರ್ಧವೂ ಪ್ರತ್ಯೇಕವಾಗಿ ದಾರಿ ತಪ್ಪಬಲ್ಲದು, ಜೋಡಿಯಾಗಿ ಮಾತ್ರ ಸ್ಥಿರ. ಇದನ್ನೇ ಮೂರು ಆಯಾಮಕ್ಕೆ ಹಾಗೇ ಎಳೆದರೆ ಸ್ಥಿರತೆ ಹೋಗುತ್ತದೆ. ಅಲ್ಲಿಗೆ ಜಿಮ್ ಡಗ್ಲಸ್ ಕೊಟ್ಟ ಬೇರೆ ರೂಪ ಬೇಕು.

ಆಕಾರ ಚೌಕವಿಲ್ಲದಿದ್ದರೆ, ಒಂದು ಊಹೆಯಿಂದ ಹೊರಟು ಸುತ್ತು ಸುತ್ತಿಗೂ ಅದನ್ನು ತಿದ್ದುತ್ತಾ ಹೋಗುವ ಕಾಂಜುಗೇಟ್ ಗ್ರೇಡಿಯೆಂಟ್ ಅಥವಾ ಮಲ್ಟಿಗ್ರಿಡ್ ಕಡೆ ಹೋಗಿ. ಹಿಂದಿನ ಹೆಜ್ಜೆಯ ಉತ್ತರವೇ ಒಳ್ಳೆಯ ಊಹೆಯಾಗಿ ಸಿಗುವುದರಿಂದ ಅವು ಬೇಗ ಮುಗಿಯುತ್ತವೆ.

ಗುಣಾಂಕವೇ ತಾಪದ ಮೇಲೆ ನಿಂತಿದ್ರೆ? ಮ್ಯಾಟ್ರಿಕ್ಸ್ ಬರೆಯೋಕೇ ಉತ್ತರ ಬೇಕಾಗತ್ತಲ್ಲ?

ಮೂರು ದಾರಿ. ವಾಹಕತೆಯಂಥ ಗುಣಾಂಕಕ್ಕೆ ಹಳೆಯ ತಾಪ ಬಳಸಿ ಮುಂದೆ ಹೋಗುವುದು ಸೋಮಾರಿ ದಾರಿ; ಗುಣಾಂಕ ನಿಧಾನವಾಗಿ ಬದಲಾಗುತ್ತಿದ್ದರೆ ತಪ್ಪೇನಿಲ್ಲ. ಉತ್ತರ ಬಂದ ಮೇಲೆ ಗುಣಾಂಕ ತಿದ್ದಿ ಅದೇ ಹೆಜ್ಜೆಯನ್ನು ಮತ್ತೆ ಬಿಡಿಸುವುದು ಪಿಕಾರ್ ಸುತ್ತು. ತಾಪದ ನಾಲ್ಕನೆಯ ಘಾತದಂತೆ ಏರುವ ವಿಕಿರಣ ಅಂಚಿನಲ್ಲಿದ್ದರೆ ನಾನು ಇಳಿಜಾರು ನೋಡಿ ಊಹೆಯನ್ನು ತಿದ್ದುವ ನ್ಯೂಟನ್ ವಿಧಾನ ಹಿಡಿಯುತ್ತೇನೆ, ಎರಡು ಮೂರು ಸುತ್ತಿನಲ್ಲಿ ಕೂರುತ್ತದೆ.

ಒಣ ಮಣ್ಣಿಗೆ ನೀರು ಇಳಿಯುವ ರಿಚರ್ಡ್ಸ್ ಸಮೀಕರಣ (1931) ಮಾತ್ರ ಎಚ್ಚರ ಬೇಡುತ್ತದೆ. ಒತ್ತಡವನ್ನಷ್ಟೇ ಅಜ್ಞಾತವಾಗಿಟ್ಟು ಬರೆದರೆ ಕೋಡು ಚೆನ್ನಾಗಿ ಓಡುತ್ತದೆ, ಆದರೆ ಸುರಿದ ನೀರಿಗೂ ಮಣ್ಣಿನಲ್ಲಿರುವ ನೀರಿಗೂ ತಾಳೆಯಾಗುವುದಿಲ್ಲ. ಸೀಲಿಯಾ ಮತ್ತು ಸಂಗಡಿಗರು 1990ರಲ್ಲಿ ಪಿಕಾರ್ ಸುತ್ತಿಗೆ ಮಾಡಿದ ತಿದ್ದುಪಡಿ ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತದೆ.

ನದಿಯಲ್ಲಿ ಮಾಲಿನ್ಯ ತೇಲಿ ಹೋಗೋದಕ್ಕೂ ಇಂಪ್ಲಿಸಿಟ್ ಹಾಕಬಹುದಾ?

ಹಾಕಬಹುದು, ಆದರೆ ನಾನು ಹಾಕುವುದಿಲ್ಲ. ಹರಡುವುದು ಬೇರೆ, ತೇಲಿ ಹೋಗುವುದು ಬೇರೆ. ಹರಿವು ಬರುವ ಬದಿಯ ಚುಕ್ಕೆ ನೋಡಿ ಬರೆಯುವ ಅಪ್‌ವಿಂಡ್ ವಿಧಾನ ಇಲ್ಲದ ಹರಡುವಿಕೆಯನ್ನು ತಾನೇ ಸೇರಿಸುತ್ತದೆ. ಒಂದು ಹೆಜ್ಜೆಯಲ್ಲಿ ನೀರು ಎಷ್ಟು ಕೋಶ ದಾಟುತ್ತದೆ ಎಂಬ ಕೂರಾಂಟ್ ಸಂಖ್ಯೆ ಹೆಚ್ಚಾದಂತೆ ಎಕ್ಸ್‌ಪ್ಲಿಸಿಟ್‌ನಲ್ಲಿ ಈ ಕೃತಕ ಹರಡುವಿಕೆ ಕಡಿಮೆಯಾಗುತ್ತದೆ, ಸರಿಯಾಗಿ 1 ಆದಾಗ ಸೊನ್ನೆಯೇ ಆಗುತ್ತದೆ. ಇಂಪ್ಲಿಸಿಟ್‌ನಲ್ಲಿ ಅದು ಹೆಚ್ಚುತ್ತಲೇ ಹೋಗುತ್ತದೆ. ಒಂದೇ ಮೋರಿಯಿಂದ ಬಿದ್ದ ಬಣ್ಣ ಇಡೀ ನದಿಗೆ ಹರಡಿದಂತೆ ತೋರಿದರೆ ಕಾರ್ಖಾನೆಯನ್ನು ಬೈಯುವ ಮೊದಲು ನಿಮ್ಮ ಹೆಜ್ಜೆ ನೋಡಿ.

ಕಾಲುವೆಯಲ್ಲಿ ನೀರಿನ ಮಟ್ಟ ಏರಿಳಿಯುವ ಲೆಕ್ಕ ಬೇರೆ. ಅಲ್ಲಿ ಪ್ರೈಸ್‌ಮನ್‌ನ ನಾಲ್ಕು ಚುಕ್ಕೆಯ ಇಂಪ್ಲಿಸಿಟ್ ವಿಧಾನ 1960ರ ದಶಕದಿಂದ ಬಳಕೆಯಲ್ಲಿದೆ. ಗಂಟೆಗಟ್ಟಲೆ ನಿಧಾನವಾಗಿ ಏರುವ ಪ್ರವಾಹಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ನಾನು ಬ್ಯಾಂಕ್‌ನ ಟೆಕ್ ತಂಡದಲ್ಲಿದ್ದೀನಿ. ಆಪ್ಷನ್ ಬೆಲೆಗೂ ಶಾಖಕ್ಕೂ ಏನು ಸಂಬಂಧ?

ಆಪ್ಷನ್ ಅಂದರೆ ಷೇರಿನಂಥದ್ದನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ (ಅದೇ ಸ್ಟ್ರೈಕ್ ಬೆಲೆ) ಕೊಳ್ಳುವ ಅಥವಾ ಮಾರುವ ಹಕ್ಕು. ಅದಕ್ಕೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸಮೀಕರಣ (1973) ವೇಷ ಬದಲಿಸಿದ ಶಾಖದ ಸಮೀಕರಣವೇ. ಅವಧಿ ಮುಗಿಯುವ ದಿನದ ಬೆಲೆ ಗೊತ್ತಿರುವುದರಿಂದ ಕಾಲದಲ್ಲಿ ಹಿಂದಕ್ಕೆ ನಡೆಯುತ್ತೇವೆ. ಆ ದಿನದ ಗ್ರಾಫಿಗೆ ಸ್ಟ್ರೈಕ್ ಬೆಲೆಯಲ್ಲಿ ಮೊಣಕೈಯಂಥ ಮಡಿಕೆ ಇರುತ್ತದೆ, ಅಲ್ಲೇ ಕ್ರ್ಯಾಂಕ್-ನಿಕೋಲ್ಸನ್ ಹಲ್ಲು ಮೂಡಿಸುತ್ತದೆ. ಬೆಲೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಎರಡು ಸಲ ಅವಕಲಿಸಿ ಬರುವ ಗಾಮಾದಲ್ಲಿ ಎದ್ದು ಕಾಣುತ್ತದೆ. ಮೊದಲ ಕೆಲವು ಹೆಜ್ಜೆ ಬ್ಯಾಕ್‌ವರ್ಡ್ ಆಯ್ಲರ್ ಇಡುವ ರೂಢಿ ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನೆಲೆಸಿರುವುದು ಅದಕ್ಕೇ.

ಯಾವಾಗ ಬೇಕಾದರೂ ಚಲಾಯಿಸಬಹುದಾದ ಅಮೆರಿಕನ್ ಆಪ್ಷನ್ನಿನಲ್ಲಿ ಬೆಲೆ ಒಂದು ಮಟ್ಟಕ್ಕಿಂತ ಕೆಳಗಿಳಿಯಬಾರದೆಂಬ ಕಟ್ಟು ಇದೆ. ಸಮೀಕರಣ ಬಿಡಿಸಿ ಆಮೇಲೆ ಬೆಲೆಯನ್ನು ಮೇಲೆತ್ತಿದರೆ ಕೆಲಸ ಅರ್ಧಂಬರ್ಧ. ಬ್ರೆನನ್ ಮತ್ತು ಶ್ವಾರ್ಟ್ಜ್ 1977ರಲ್ಲಿ ಅಮೆರಿಕನ್ ಪುಟ್‌ಗೆ (ಮಾರುವ ಹಕ್ಕಿಗೆ) ತೋರಿಸಿದಂತೆ, ಥಾಮಸ್‌ನ ಹತ್ತುವ ಸುತ್ತಿನಲ್ಲೇ, ಸರಿಯಾದ ದಿಕ್ಕಿನಲ್ಲಿ, ಪ್ರತಿ ಚುಕ್ಕೆಗೂ ಆ ಕಟ್ಟನ್ನು ಹಾಕುತ್ತಾ ಹೋಗಬೇಕು.

ಜಿಪಿಯು ತಗೊಂಡೆ. ಥಾಮಸ್ ಹಾಕಿದ್ರೆ ಸಿಪಿಯುಗಿಂತ ನಿಧಾನ ಆಗ್ತಿದೆ, ಯಾಕೆ?

ಥಾಮಸ್ ವಿಧಾನದಲ್ಲಿ ಎರಡನೆಯ ಸಾಲು ಮೊದಲನೆಯದಕ್ಕೆ ಕಾಯಬೇಕು, ಮೂರನೆಯದು ಎರಡನೆಯದಕ್ಕೆ. ಸಾವಿರಾರು ಕೈಗಳಿರುವ ಯಂತ್ರದಲ್ಲಿ ಒಂದೇ ಕೈ ದುಡಿಯುತ್ತದೆ, ಅದೂ ನಿಧಾನದ ಕೈ. ಒಂದೇ ಉದ್ದನೆಯ ಸಾಲಿದ್ದರೆ ಹಾಕ್ನಿ 1965ರಲ್ಲಿ ಪ್ರಕಟಿಸಿದ ಸೈಕ್ಲಿಕ್ ರಿಡಕ್ಷನ್ ನೋಡಿ: ಒಂದು ಬಿಟ್ಟು ಒಂದು ಚುಕ್ಕೆಯನ್ನು ಒಟ್ಟಿಗೇ ವರ್ಜಿಸುತ್ತಾ ಪ್ರತಿ ಸುತ್ತಿಗೆ ಸಾಲನ್ನು ಅರ್ಧ ಮಾಡುತ್ತದೆ. ಸಾವಿರಾರು ಬೇರೆ ಬೇರೆ ಸಾಲುಗಳಿದ್ದರೆ, ಉದಾಹರಣೆಗೆ ಎರಡು ಆಯಾಮದ ಹಾಳೆಯನ್ನು ಅಡ್ಡ-ಲಂಬವಾಗಿ ಬಿಡಿಸುವಾಗ, ವಿಧಾನ ಬದಲಿಸಬೇಕಿಲ್ಲ; ಸಾಲಿಗೊಂದು ಥ್ರೆಡ್, ಅಂದರೆ ಯಂತ್ರದ ಒಂದು ಕೈ, ಕೊಡಿ. ಆದರೆ ಪಕ್ಕಪಕ್ಕದ ಥ್ರೆಡ್‌ಗಳು ಓದುವ ಅಂಕಿಗಳು ಮೆಮೊರಿಯಲ್ಲೂ ಪಕ್ಕಪಕ್ಕದಲ್ಲೇ ಇರುವ ಹಾಗೆ ಅರೇಯನ್ನು ತಿರುಗಿಸಿಡಿ. ನಿಧಾನವಾಗಿರುವುದಕ್ಕೆ ಕಾರಣ ಬಹಳ ಸಲ ಅರೇಯ ಆ ಜೋಡಣೆಯಲ್ಲೇ ಇರುತ್ತದೆ.